ಯಾವ ಸಾಲಿನಲ್ಲಿದೆ, ತೋರಿಸು



ಇತ್ತೀಚಿನ ವರ್ಷಗಳಲ್ಲಿ ಮೊಬೈಲಿಗೆ ಹೊಸ ಬಗೆಯ ಲಗ್ನಪತ್ರಿಕೆಯೊಂದು ಬರತೊಡಗಿದೆ. ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ, ಎಷ್ಟೋ ಸಲ ಗುರುತಿನವರ ನಂಬರಿನಿಂದಲೇ ಬರುತ್ತದೆ. ಮದುವೆಗೆ ತಪ್ಪದೆ ಬನ್ನಿ ಎಂಬ ಒಕ್ಕಣೆ, ಅದರ ಕೆಳಗೊಂದು ಕಡತ. ಕಡತದ ಹೆಸರಿನ ಕೊನೆಯಲ್ಲಿ ಒಂದು ಚುಕ್ಕೆ, ಚುಕ್ಕೆಯ ಮುಂದೆ ಎಪಿಕೆ ಎಂಬ ಮೂರು ಅಕ್ಷರ. ಲಗ್ನದ ಹಂಗಾಮು ಮುಗಿದ ಮೇಲೆ ಅದೇ ಬಗೆಯ ಕಡತ ಬೇರೆ ವೇಷದಲ್ಲಿ ಬರುತ್ತದೆ. ಒಮ್ಮೆ ಆರ್‌ಟಿಒ ದಂಡದ ಚಲನ್, ಇನ್ನೊಮ್ಮೆ ಪಿಎಂ ಕಿಸಾನ್ ಕಂತು, ಮತ್ತೊಮ್ಮೆ ಬ್ಯಾಂಕಿನ ಕೆವೈಸಿ.

ಒತ್ತಿದರೆ ಫೋನು ಒಂದು ಮಾತು ಕೇಳುತ್ತದೆ: ಅಪರಿಚಿತ ಮೂಲದ ಆ್ಯಪ್, ಹಾಕಿಕೊಳ್ಳಲೇ? ಮದುವೆ ಮನೆಯವರ ಕಾಗದವನ್ನು ಬೇಡವೆನ್ನುವುದು ಹೇಗೆ, ಹೂಂ ಎಂದು ಒತ್ತುತ್ತಾರೆ. ಎಸ್‌ಎಂಎಸ್ ಓದಲು ಅನುಮತಿ ಕೊಡಿ ಎನ್ನುತ್ತದೆ, ಅದಕ್ಕೂ ಹೂಂ. ಆಮೇಲೆ ಪರದೆಯ ಮೇಲೆ ಆ ಆ್ಯಪ್‌ನ ಗುರುತೇ ಇರುವುದಿಲ್ಲ. ‘ಲಗ್ನಪತ್ರಿಕಿ ಅಂತ ಒತ್ತಿದ್ನಿರಿ, ಏನೂ ತೆರೀಲಿಲ್ಲ, ಹಂಗ ಬಿಟ್ಟೆ’ ಎಂದು ಹೇಳುತ್ತಾರೆ. ತೆರೆಯದೆ ಇದ್ದದ್ದೇ ಅದರ ಉಪಾಯ. ಅಂದಿನಿಂದ ಬ್ಯಾಂಕು ಕಳಿಸುವ ಒಂದೊಂದು ಒಟಿಪಿಯೂ ಮಾಲೀಕನ ಜತೆಗೆ ಮತ್ತೊಬ್ಬನಿಗೂ ತಲುಪುತ್ತಿರುತ್ತದೆ. ಅವನು ಯಾವ ಊರಿನಲ್ಲಿ ಕೂತಿದ್ದಾನೋ ಯಾರಿಗೂ ಕಾಣುವುದಿಲ್ಲ. ಗಂಗಾವತಿಯ ಅಕ್ಕಿ ಗಿರಣಿಯ ಗುಮಾಸ್ತರಿರಲಿ, ಕುಷ್ಟಗಿ ಕಡೆ ದಾಳಿಂಬೆ ಹಚ್ಚಿದವರಿರಲಿ, ಯಲಬುರ್ಗಾದ ಎರೆ ಹೊಲದಲ್ಲಿ ಕಡಲೆ ಬಿತ್ತಿದವರಿರಲಿ, ಫೋನಿನಲ್ಲಿ ಬ್ಯಾಂಕು ಇಟ್ಟುಕೊಂಡವರೆಲ್ಲರಿಗೂ ಈ ಅಪಾಯ ಒಂದೇ.

ಒತ್ತಬೇಡಿ ಎಂಬ ಎಚ್ಚರಿಕೆಯನ್ನು ಪೊಲೀಸರು, ಬ್ಯಾಂಕಿನವರು, ಪತ್ರಿಕೆಯವರು ಹೇಳುತ್ತಲೇ ಬಂದಿದ್ದಾರೆ. ನಾನು ಇವತ್ತು ಕೇಳಬೇಕೆಂದಿರುವುದು ಅದರ ಮುಂದಿನ ಪ್ರಶ್ನೆ. ಆ ಕಡತವನ್ನು ಬಿಚ್ಚಿ, ಒಳಗೆ ಏನಿದೆ, ಯಾರಿಗೆ ಏನು ಕಳಿಸುತ್ತಿದೆ ಎಂದು ಓದಿ ಹೇಳುವವರು ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಯಾರು? ಕುಕನೂರು ತಾಲ್ಲೂಕಿನ ತಳಕಲ್‌ನಲ್ಲಿ 2023ರಿಂದ ಕೊಪ್ಪಳ ವಿಶ್ವವಿದ್ಯಾಲಯವಿದೆ, ಅಲ್ಲಿಯೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಪದವಿ ಕಾಲೇಜುಗಳಿವೆ. ಅಲ್ಲಿ ಕಂಪ್ಯೂಟರ್ ಕಲಿಯುವ ಹುಡುಗ ಹುಡುಗಿಯರು ಈ ಕೆಲಸ ಮಾಡಬಲ್ಲರು. ಅವರಿಗೆ ಅದನ್ನು ಕಲಿಸಬೇಕು, ಕೃತಕ ಬುದ್ಧಿಮತ್ತೆಯನ್ನು ಜತೆಗಿಟ್ಟುಕೊಂಡೇ ಕಲಿಸಬೇಕು ಎಂಬುದು ನನ್ನ ಮಾತು. ಆದರೆ ಹೇಗೆ ಕಲಿಸಬೇಕು ಎಂಬುದರಲ್ಲಿ ನನಗೊಂದು ಹಟವಿದೆ. ಅದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ಕೈಯಿಂದ ಬಿಚ್ಚುವುದು. ಎಪಿಕೆ ಎಂಬುದು ಒಂದು ಜಿಪ್ ಗಂಟು, ಅಷ್ಟೇ. ಅದರೊಳಗೆ ಮ್ಯಾನಿಫೆಸ್ಟ್ ಎಂಬ ಕಡತವೊಂದಿರುತ್ತದೆ. ಆ್ಯಪ್ ತನಗೆ ಏನೇನು ಬೇಕೆಂದು ಫೋನಿನ ಮುಂದೆ ಒಪ್ಪಿಸುವ ಪಟ್ಟಿ ಅದು. ಕಾಸು ಖರ್ಚಿಲ್ಲದೆ ಸಿಗುವ ಜಾಡೆಕ್ಸ್ ಎಂಬ ಸಾಧನದಲ್ಲಿ ತೆರೆದರೆ ಈ ಪಟ್ಟಿ ಓದಲು ಬರುತ್ತದೆ. ಎಸ್‌ಎಂಎಸ್ ಬಂದೊಡನೆ ನನಗೆ ತಿಳಿಸು, ಇರುವ ಎಸ್‌ಎಂಎಸ್ ಓದಲು ಬಿಡು, ನನ್ನ ಕಡೆಯಿಂದ ಎಸ್‌ಎಂಎಸ್ ಕಳಿಸಲು ಬಿಡು, ಮತ್ತೊಂದು ಆ್ಯಪ್ ಹಾಕಲು ಬಿಡು. ಇಲ್ಲಿಗೆ ನಿಲ್ಲಿಸಿ ವಿದ್ಯಾರ್ಥಿಯನ್ನು ಕೇಳಬೇಕು: ಲಗ್ನಪತ್ರಿಕೆ ತೋರಿಸುವ ಆ್ಯಪ್‌ಗೆ ಇವುಗಳಲ್ಲಿ ಯಾವುದು ಬೇಕು? ಒಂದೂ ಬೇಡ. ಮ್ಯಾನಿಫೆಸ್ಟ್ ಓದಿದ ಐದು ನಿಮಿಷದಲ್ಲಿ ಅರ್ಧ ಅಪರಾಧ ಕಣ್ಣಿಗೆ ಬೀಳುತ್ತದೆ.

ಮುಂದಿನದು ಒಳಗಿನ ಅಕ್ಷರಗಳು. ಪ್ರೋಗ್ರಾಮಿನ ನಡುವೆ ಅಲ್ಲಲ್ಲಿ ಉಲ್ಲೇಖ ಚಿಹ್ನೆಯೊಳಗೆ ಬರೆದಿಟ್ಟ ಸಾಲುಗಳಿರುತ್ತವೆ. ಹೆಚ್ಚಿನವು ಕೆಲಸಕ್ಕೆ ಬಾರದವು. ಅವುಗಳ ನಡುವೆ ಅರ್ಥವಿಲ್ಲದ ಒಂದು ಉದ್ದ ಸಾಲು ಕಾಣುತ್ತದೆ. ಶುರುವಿನ ಐದು ಅಕ್ಷರ ನೋಡಿ: ಸಣ್ಣ ಎ, ದೊಡ್ಡ ಎಚ್, ದೊಡ್ಡ ಆರ್, ಸೊನ್ನೆ, ಸಣ್ಣ ಸಿ. ಕೈ ಪಳಗಿದವರಿಗೆ ಈ ಐದು ಅಕ್ಷರ ಕಂಡರೆ ಸಾಕು, ಮುಂದೆ ಇರುವುದು ಒಂದು ಜಾಲತಾಣದ ವಿಳಾಸ ಎಂದು ತಿಳಿಯುತ್ತದೆ. ಎಚ್‌ಟಿಟಿಪಿ ಎಂಬುದನ್ನು ಬೇಸ್ 64 ಎಂಬ ಕಟ್ಟಿನಲ್ಲಿ ಬರೆದರೆ ಅದು ಯಾವಾಗಲೂ ಹೀಗೆಯೇ ಶುರುವಾಗುತ್ತದೆ. ಬಿಡಿಸಿ ನೋಡಿದರೆ ಕದ್ದ ಎಸ್‌ಎಂಎಸ್‌ಗಳು ಹೋಗಿ ಬೀಳುವ ಠಿಕಾಣಿ ಸಿಗುತ್ತದೆ. ಕೆಲವು ಕಡತಗಳಲ್ಲಿ ಅಷ್ಟೂ ಮರೆ ಇರುವುದಿಲ್ಲ, ಒಂದು ಮೊಬೈಲ್ ನಂಬರನ್ನೇ ನೇರವಾಗಿ ಬರೆದಿಟ್ಟಿರುತ್ತಾರೆ. ಭಾರತದ ಬ್ಯಾಂಕ್ ಗ್ರಾಹಕರ ಬೆನ್ನು ಹತ್ತಿದ ಇಂಥ ಸುಮಾರು 900 ಆ್ಯಪ್‌ಗಳನ್ನು ಜಿಂಪೀರಿಯಂ ಎಂಬ ಕಂಪನಿಯವರು ಬಿಚ್ಚಿ ನೋಡಿ 2025ರ ಆರಂಭದಲ್ಲಿ ವರದಿ ಕೊಟ್ಟರು. ಸುಮಾರು 50 ಸಾವಿರ ಜನರ ಮಾಹಿತಿ ಕಳ್ಳರ ಉಗ್ರಾಣದಲ್ಲಿ ಬಿದ್ದಿತ್ತು, ಆ ಉಗ್ರಾಣಕ್ಕೆ ಬೀಗವೂ ಇರಲಿಲ್ಲ. ಒಟಿಪಿ ಕಳಿಸಲು ಕಡತಗಳೊಳಗೆ ಬರೆದಿಟ್ಟಿದ್ದ ನಂಬರುಗಳು ಸಾವಿರದಷ್ಟು ಸಿಕ್ಕವು. ತನಿಖೆ ಮಾಡುವ ಪೊಲೀಸರಿಗೆ ಇದಕ್ಕಿಂತ ಒಳ್ಳೆಯ ಎಳೆ ಬೇಕೆ?

ಒಂದು ಸಾಲನ್ನು ಗಮನವಿಟ್ಟು ಓದಿದರೆ ಎಷ್ಟು ಕೆಲಸವಾಗುತ್ತದೆ ಎಂಬುದಕ್ಕೆ ಲೋಕವೇ ಕಂಡ ಉದಾಹರಣೆ ವಾನಾಕ್ರೈ. 2017ರ ಮೇ 12ರಂದು ಆ ಕೇಡಿಗ ತಂತ್ರಾಂಶ, ಅಂದರೆ ಮಾಲ್‌ವೇರ್ ಸುಮಾರು 150 ದೇಶಗಳಲ್ಲಿ ಹರಡಿತು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಮಾರ್ಕಸ್ ಹಚಿನ್ಸ್ ಎಂಬ 22ರ ಹುಡುಗ, ಕಾಲೇಜು ಪದವಿಯಿಲ್ಲದವನು, ಅದರೊಳಗೆ ಒಂದು ವಿಚಿತ್ರ ಜಾಲವಿಳಾಸ ಇರುವುದನ್ನು ಗಮನಿಸಿದ. ಆ ವಿಳಾಸವನ್ನು ಯಾರೂ ಕೊಂಡಿರಲಿಲ್ಲ. ಹತ್ತು ಡಾಲರ್ ಆಸುಪಾಸಿನ ಹಣ ಕೊಟ್ಟು ತನ್ನ ಹೆಸರಿಗೆ ಮಾಡಿಸಿಕೊಂಡ. ಆ ವಿಳಾಸ ಓಗೊಟ್ಟರೆ ಮಾಲ್‌ವೇರ್ ಕೆಲಸ ನಿಲ್ಲಿಸುವಂತೆ ಅದನ್ನು ಬರೆದವರೇ ಬರೆದಿದ್ದರು. ಹರಡುವುದು ನಿಂತಿತು.

ಇನ್ನು ಕೃತಕ ಬುದ್ಧಿಮತ್ತೆ, ಅಂದರೆ ಎಐ, ಎಲ್ಲಿ ಬರುತ್ತದೆ? ಎರಡು ಕಡೆ ಬರುತ್ತದೆ. ಎರಡರ ಸ್ವಭಾವ ಬೇರೆ ಬೇರೆ, ತರಗತಿಯಲ್ಲಿ ಅವುಗಳನ್ನು ಕಲಸಿಬಿಡಬಾರದು.

ಮೊದಲನೆಯದು ಜಾತಿ ಹಿಡಿಯುವ ಕೆಲಸ. ಸಾವಿರಾರು ಕಡತ ಬಂದು ಬಿದ್ದಾಗ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು, ಕೆಟ್ಟದ್ದಾದರೆ ಯಾವ ಬಳಗದ್ದು ಎಂದು ಬೇರ್ಪಡಿಸುವುದು. ಇದರಲ್ಲಿ ನಮಗೆ ಹೆಮ್ಮೆ ತರುವ ಒಂದು ಕತೆಯಿದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಬಿಇ ಮುಗಿಸಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಮೆರಿಕಕ್ಕೆ ಹೋಗಿ ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು ಬಿ. ಎಸ್. ಮಂಜುನಾಥ್. ಚಿತ್ರಗಳನ್ನು ಕಂಪ್ಯೂಟರಿನಿಂದ ಗುರುತಿಸುವುದು ಅವರ ಕ್ಷೇತ್ರ. 2011ರಲ್ಲಿ ಲಕ್ಷ್ಮಣನ್ ನಟರಾಜ್ ಮತ್ತಿತರರೊಡನೆ ಅವರು ಪ್ರಕಟಿಸಿದ ಪ್ರಬಂಧದ ಕಲ್ಪನೆ ಬಹಳ ಸರಳ, ಬಹಳ ಸುಂದರ. ಕಂಪ್ಯೂಟರ್ ಕಡತ ಎಂದರೆ ಸೊನ್ನೆಯಿಂದ 255ರವರೆಗಿನ ಸಂಖ್ಯೆಗಳ ಸಾಲು. ಸೊನ್ನೆಗೆ ಕಪ್ಪು, 255ಕ್ಕೆ ಬಿಳಿ, ನಡುವಿನವಕ್ಕೆ ಬೂದು ಬಣ್ಣ ಕೊಟ್ಟು ಸಾಲುಸಾಲಾಗಿ ಜೋಡಿಸಿದರೆ ಮಾಲ್‌ವೇರ್ ಒಂದು ಚಿತ್ರವಾಗಿ ಕಾಣುತ್ತದೆ. ಒಂದೇ ಬಳಗದ ಮಾಲ್‌ವೇರ್‌ಗಳ ಚಿತ್ರಗಳಲ್ಲಿ ನೇಯ್ಗೆ ಒಂದೇ ತೆರನಾಗಿರುತ್ತದೆ. ಕುಷ್ಟಗಿಯಿಂದ ಇಳಕಲ್ ದೂರವೇನಿಲ್ಲ. ಅಲ್ಲಿಯ ನೇಕಾರರು ಸೀರೆಯನ್ನು ಬಿಡಿಸದೆ, ದಡಿ ನೋಡಿದಾಕ್ಷಣ ಇದು ಗೋಮಿ, ಇದು ಪರಾಸಪೇಟೆ, ಇದು ಗಾಡಿ ಎನ್ನುತ್ತಾರಲ್ಲ, ಯಂತ್ರವೂ ಹಾಗೆಯೇ ಪ್ರೋಗ್ರಾಮಿನ ಒಂದು ಸಾಲನ್ನೂ ಓದದೆ, ಓಡಿಸಿಯೂ ನೋಡದೆ, ಚಿತ್ರದ ನೇಯ್ಗೆಯಿಂದಲೇ ಬಳಗವನ್ನು ಹೇಳಿತು. 25 ಬಳಗಗಳ 9 ಸಾವಿರಕ್ಕೂ ಹೆಚ್ಚು ಮಾದರಿಗಳಲ್ಲಿ ನೂರಕ್ಕೆ 98 ಸರಿಯಾಗಿತ್ತು. ಕಂಪ್ಯೂಟರ್ ಓದುವ ಹುಡುಗರು ಈ ಪ್ರಯೋಗವನ್ನು ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಒಂದು ವಾರದೊಳಗೆ ಮಾಡಿ ನೋಡಬಹುದು. ಚಿತ್ರಗಳಾಗಿಯೇ ಮಾದರಿಗಳು ಸಿಗುತ್ತವೆ, ಅವುಗಳಿಂದ ಯಂತ್ರಕ್ಕೆ ಅಪಾಯವೂ ಇಲ್ಲ. ಪಾಠವನ್ನು ಇಲ್ಲಿಂದ ಶುರು ಮಾಡುವುದು ನನಗೆ ಇಷ್ಟ.

ಆದರೆ 98 ಎಂದ ಕೂಡಲೇ ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಆಗ ಕರಿಹಲಗೆಯ ಮೇಲೆ ಒಂದು ಲೆಕ್ಕ ಬರೆಯಬೇಕು. 98 ಏಕೆ, 99 ಎಂದೇ ಇಟ್ಟುಕೊಳ್ಳೋಣ. ಒಂದು ಕಚೇರಿಯಲ್ಲಿ 10,000 ಕಡತಗಳಿವೆ, ಅದರಲ್ಲಿ ಕೆಟ್ಟವು 10. ಯಂತ್ರ ಆ ಹತ್ತನ್ನೂ ಹಿಡಿಯಿತು ಎನ್ನಿ. ಉಳಿದ 9,990 ಒಳ್ಳೆಯ ಕಡತಗಳಲ್ಲಿ ನೂರಕ್ಕೆ ಒಂದರಂತೆ ತಪ್ಪಿದರೆ ಸುಮಾರು 100 ಕಡತಗಳನ್ನು ಕಳ್ಳ ಎಂದು ಕೂಗಿತು. ಒಟ್ಟು 110 ಕೂಗು, ಅದರಲ್ಲಿ ನಿಜವಾದವು 10. ಅಂದರೆ ಯಂತ್ರ ಕಳ್ಳ ಎಂದಾಗ ಹನ್ನೊಂದರಲ್ಲಿ ಹತ್ತು ಸಲ ಅದು ನಿರಪರಾಧಿ. ಈ ಲೆಕ್ಕ ಮಾಡಿ ನೋಡಿದ ವಿದ್ಯಾರ್ಥಿ ಶೇಕಡಾವಾರು ಅಂಕಿಗೆ ಮುಂದೆಂದೂ ಮರುಳಾಗುವುದಿಲ್ಲ. ಇನ್ನೊಂದು ತೊಡಕೂ ಇದೆ. ಹಳೆಯ ಮಾದರಿಗಳನ್ನೂ ಹೊಸವನ್ನೂ ಬೆರೆಸಿ ಕಲಿಸಿ, ಬೆರೆಸಿಯೇ ಪರೀಕ್ಷೆ ಮಾಡಿದರೆ ಯಂತ್ರಕ್ಕೆ ಮುಂದೆ ಬರುವ ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಂತಾಗುತ್ತದೆ. ಕಲಿಸುವುದು ಹಿಂದಿನ ವರ್ಷದ ಮಾದರಿಗಳಿಂದ, ಪರೀಕ್ಷೆ ಈ ವರ್ಷದ ಮಾದರಿಗಳಿಂದ ಆಗಬೇಕು. ಆಗ ಅಂಕ ಇಳಿಯುತ್ತದೆ. ಇಳಿದ ಅಂಕವೇ ನಿಜವಾದ ಅಂಕ, ಅದನ್ನೇ ವರದಿಯಲ್ಲಿ ಬರೆಯಿಸಬೇಕು.

ಯಂತ್ರವನ್ನು ಮೋಸಗೊಳಿಸಲೂ ಬರುತ್ತದೆ. 2019ರಲ್ಲಿ ಆಸ್ಟ್ರೇಲಿಯಾದ ಸ್ಕೈಲೈಟ್ ಎಂಬ ಸಂಸ್ಥೆಯ ಸಂಶೋಧಕರು ಸೈಲೆನ್ಸ್ ಕಂಪನಿಯ ಎಐ ಆಧರಿಸಿದ ರಕ್ಷಣಾ ತಂತ್ರಾಂಶವನ್ನು ಪರೀಕ್ಷಿಸಿದರು. ಅದಕ್ಕೆ ಒಂದು ಜನಪ್ರಿಯ ಆಟದ ಬಗ್ಗೆ ವಿಶೇಷ ಒಲವಿರುವುದು ಕಂಡುಬಂತು. ಆ ಆಟದ ಕಡತದಿಂದ ಒಂದಿಷ್ಟು ಅಕ್ಷರಸಾಲುಗಳನ್ನು ತೆಗೆದು ಮಾಲ್‌ವೇರ್‌ನ ಬಾಲಕ್ಕೆ ಅಂಟಿಸಿದರು. ಮಾಲ್‌ವೇರ್‌ನ ಕೆಲಸ ಎಳ್ಳಷ್ಟೂ ಬದಲಾಗಲಿಲ್ಲ, ಯಂತ್ರ ಮಾತ್ರ ಅದನ್ನು ಸಭ್ಯ ಎಂದಿತು. ಕಂಪನಿ ಆಮೇಲೆ ಸರಿಪಡಿಸಿತು.

ಎರಡನೆಯ ಬಗೆಯ ಎಐ ನಿಮಗೆಲ್ಲ ಗೊತ್ತಿರುವುದು, ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಚಾಟ್‌ಬಾಟ್. ಬಿಚ್ಚಿದ ಪ್ರೋಗ್ರಾಮಿನ ತುಣುಕನ್ನು ಅದರ ಮುಂದಿಟ್ಟು ಇದೇನು ಮಾಡುತ್ತದೆ ಎಂದು ಕೇಳಿದರೆ ಸರಳ ಮಾತಿನಲ್ಲಿ ವಿವರಿಸುತ್ತದೆ. ಇದು ಸಣ್ಣ ಸಹಾಯವಲ್ಲ. ಪ್ರೋಗ್ರಾಮು ಬಿಚ್ಚಿ ತೋರಿಸುವ ಗೀಡ್ರಾ ಎಂಬ ಸಾಧನವನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ 2019ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರಲ್ಲಿ ವಿಂಡೋಸ್ ಮಾಲ್‌ವೇರ್ ತೆರೆದು ಕೂತ ಹೊಸ ವಿದ್ಯಾರ್ಥಿಗೆ ಎಲ್ಲಿ ಶುರು ಮಾಡಬೇಕು ಎಂದೇ ತಿಳಿಯುವುದಿಲ್ಲ. ಹೆಸರಿಲ್ಲದ ನೂರಾರು ಫಂಕ್ಷನ್‌ಗಳು, ಅರ್ಥವಾಗದ ಸಂಖ್ಯೆಗಳು. ಹಿಂದೆ ಎಷ್ಟೋ ಜಾಣ ಮಕ್ಕಳು ಈ ಮೊದಲ ಮೆಟ್ಟಿಲಲ್ಲೇ ಬೇಸತ್ತು ಹಿಂದಿರುಗುತ್ತಿದ್ದರು. ಕೇಳಿದರೆ ನಗುವ ಹಿರಿಯರು ಸುತ್ತ ಇಲ್ಲದೆ, ಎಷ್ಟು ಸಲ ಬೇಕಾದರೂ, ತಪ್ಪು ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಕೇಳಬಹುದಾದ ಜತೆಗಾರ ಸಿಕ್ಕಿದ್ದು ಹಳ್ಳಿಯಿಂದ ಬಂದ ಹುಡುಗಿಗೆ ದೊಡ್ಡ ಬಲ. ಇದನ್ನು ಕಸಿದುಕೊಳ್ಳಬೇಕು ಎನ್ನುವ ಅಧ್ಯಾಪಕರ ಮಾತಿಗೆ ನನ್ನ ಸಮ್ಮತಿಯಿಲ್ಲ.

ನನ್ನ ಹಟ ಇರುವುದು ಇಲ್ಲಿ. ಚಾಟ್‌ಬಾಟ್ ತಪ್ಪು ಹೇಳುವಾಗಲೂ ಸರಿ ಹೇಳುವಾಗಿನಷ್ಟೇ ಗಟ್ಟಿಯಾಗಿ ಹೇಳುತ್ತದೆ. ಆಗ ಬೇಸ್ 64 ಸಾಲಿನ ಮಾತು ಬಂತಲ್ಲ, ಅದನ್ನು ಬಿಡಿಸಿಕೊಡು ಎಂದರೆ ಕೆಲವೊಮ್ಮೆ ನಿಜವಾಗಿ ಬಿಡಿಸದೆ, ಹೀಗಿರಬಹುದು ಎಂದು ಒಂದು ವಿಳಾಸವನ್ನು ಕಟ್ಟಿ ಕೊಟ್ಟುಬಿಡುತ್ತದೆ. ಒಂದಕ್ಷರ ಹೆಚ್ಚುಕಡಿಮೆಯಾದರೂ ಅದು ಬೇರೆಯವರ ವಿಳಾಸ. ಆ ವರದಿ ಪೊಲೀಸರ ಕೈಸೇರಿದರೆ ಏನಾಗಬಹುದು, ಯೋಚಿಸಿ. ಅದಕ್ಕೇ ತರಗತಿಯಲ್ಲಿ ಒಂದು ಕಟ್ಟಳೆ ಬೇಕು. ಎಐಯನ್ನು ಕೇಳುವ ಮೊದಲು ವಿದ್ಯಾರ್ಥಿ ತನಗೆ ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ನಾಲ್ಕು ಸಾಲಾದರೂ ಸರಿ, ತಪ್ಪಾಗಿದ್ದರೂ ಸರಿ. ಆಮೇಲೆ ಕೇಳಲಿ. ಎಐ ಹೇಳಿದ ಒಂದೊಂದು ಮಾತಿಗೂ ಅಧ್ಯಾಪಕರು ಕೇಳುವುದು ಒಂದೇ: ಯಾವ ಸಾಲಿನಲ್ಲಿದೆ, ತೋರಿಸು. ಎಸ್‌ಎಂಎಸ್ ಕದಿಯುತ್ತದೆ ಎಂದಿತೇ, ಕದಿಯುವ ಫಂಕ್ಷನ್ ತೋರಿಸು. ಸರ್ವರಿಗೆ ಕಳಿಸುತ್ತದೆ ಎಂದಿತೇ, ಕಳಿಸುವ ಸಾಲು ತೋರಿಸು, ಅದನ್ನು ಕರೆಯುವವರು ಯಾರೆಂದು ತೋರಿಸು. ತೋರಿಸಲಾಗದ ಮಾತು ವರದಿಗೆ ಬರಕೂಡದು.

ಈ ಕಟ್ಟಳೆ ಅತಿಯಾಯಿತು ಎನ್ನುವವರಿಗೆ ಮೈಕ್ರೋಸಾಫ್ಟ್ 2025ರ ಆಗಸ್ಟ್‌ನಲ್ಲಿ ಹೊರಗಿಟ್ಟ ಪ್ರಾಜೆಕ್ಟ್ ಐರ್‌ನ ಅಂಕಿಗಳನ್ನು ತೋರಿಸುತ್ತೇನೆ. ಮನುಷ್ಯರ ನೆರವಿಲ್ಲದೆ ತಾನೇ ಕಡತ ಬಿಚ್ಚಿ ತೀರ್ಪು ಕೊಡುವ ಎಐ ಅದು. ಬೇರೆ ಸಾಧನಗಳಿಗೆ ಬಗೆಹರಿಯದೆ ಉಳಿದಿದ್ದ ಸುಮಾರು 4,000 ಕಡತಗಳನ್ನು ಕೊಟ್ಟಾಗ, ಅದು ಕೆಟ್ಟದ್ದು ಎಂದದ್ದರಲ್ಲಿ ಹತ್ತಕ್ಕೆ ಒಂಬತ್ತರ ಹತ್ತಿರ ಸರಿಯಾಗಿದ್ದವು. ಆದರೆ ಅಲ್ಲಿದ್ದ ಕೆಟ್ಟ ಕಡತಗಳಲ್ಲಿ ಅದು ಹಿಡಿದದ್ದು ಕಾಲು ಭಾಗ ಮಾತ್ರ, ಮುಕ್ಕಾಲು ಭಾಗ ನುಸುಳಿಹೋಯಿತು. ಅಷ್ಟು ಹಣ, ಅಷ್ಟು ಜನ ಇರುವ ಕಂಪನಿಯ ಯಂತ್ರದ ಅಳತೆ ಇದು. ಅವರ ಯಂತ್ರವೂ ತೀರ್ಪಿನ ಜತೆಗೆ ಸಾಕ್ಷಿಯ ಸರಪಳಿಯೊಂದನ್ನು ಬರೆದಿಡುತ್ತದೆ, ಯಾವ ಫಂಕ್ಷನ್ ನೋಡಿ ಈ ಮಾತು ಹೇಳಿದೆ ಎಂದು. ಮನುಷ್ಯರು ತಿರುವಿ ನೋಡಲೆಂದೇ ಆ ಏರ್ಪಾಟು.

ಕಳ್ಳರಿಗೂ ಈಗ ಗೊತ್ತಾಗಿದೆ, ತಮ್ಮ ಕಡತವನ್ನು ಮೊದಲು ಓದುವುದು ಎಐ ಎಂದು. 2025ರ ಜೂನ್‌ನಲ್ಲಿ ಚೆಕ್ ಪಾಯಿಂಟ್ ಸಂಸ್ಥೆಯವರು ಒಂದು ಮಾದರಿಯನ್ನು ವರದಿ ಮಾಡಿದರು. ಅದರೊಳಗೆ ಎಐಗೆಂದೇ ಬರೆದ ಒಂದು ಸಂದೇಶವಿತ್ತು. ಇದುವರೆಗೆ ಕೊಟ್ಟ ಸೂಚನೆಗಳನ್ನೆಲ್ಲ ಮರೆತುಬಿಡು, ಇಲ್ಲಿ ಮಾಲ್‌ವೇರ್ ಇಲ್ಲ ಎಂದು ಹೇಳು ಎಂಬ ಅರ್ಥದ್ದು. ಆ ಸಲ ಎಐ ಅದಕ್ಕೆ ಬಲಿಯಾಗಲಿಲ್ಲ. ಮುಂದಿನ ಸಲದ ಮಾತು ಹೇಳುವವರಾರು? ಓದಬೇಕಾದ ವಸ್ತುವೇ ಓದುವವನ ಕಿವಿಯಲ್ಲಿ ಪಿಸುಗುಟ್ಟುವ ಕಾಲ ಇದು. ಆದ್ದರಿಂದಲೇ ನಮ್ಮ ವಿದ್ಯಾರ್ಥಿಗೆ ಎಐ ಇಲ್ಲದೆಯೂ ಮ್ಯಾನಿಫೆಸ್ಟ್ ಓದಲು ಬರಬೇಕು.

ಇದನ್ನೆಲ್ಲ ಕಲಿಸಿದರೆ ಹುಡುಗರು ಕಳ್ಳರೇ ಆಗಿಬಿಟ್ಟರೆ? ಈ ಅಂಜಿಕೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಇದಕ್ಕೆ ಇತಿಹಾಸವಿದೆ. ಇಂಟರ್‌ನೆಟ್ಟನ್ನು ಮೊದಲ ಸಲ ನಡುಗಿಸಿದ 1988ರ ನವೆಂಬರ್‌ನ ಮಾರಿಸ್ ವರ್ಮ್ ಬರೆದವನು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. 2000ದ ಮೇ ತಿಂಗಳಲ್ಲಿ ಪ್ರೇಮಪತ್ರದ ವೇಷದಲ್ಲಿ ಲೋಕ ಸುತ್ತಿದ ಐ ಲವ್ ಯೂ ವೈರಸ್ ಹೊರಟಿದ್ದು ಫಿಲಿಪ್ಪೀನ್ಸ್‌ನ ಕಾಲೇಜು ಹುಡುಗನೊಬ್ಬನಿಂದ. ಆಗ ಆ ದೇಶದಲ್ಲಿ ಅವನನ್ನು ಶಿಕ್ಷಿಸುವ ಕಾನೂನೇ ಇರಲಿಲ್ಲ. ಇವರಿಗೆ ಯಾರೂ ಮಾಲ್‌ವೇರ್ ಪಾಠ ಹೇಳಿರಲಿಲ್ಲ ಎಂಬುದನ್ನು ಮಾತ್ರ ಗಮನಿಸಿ. ಪಾಠ ಹೇಳಿದವರ ಕತೆ ಬೇರೆ. 2003ರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಜಾನ್ ಏಕಾಕ್ ಎಂಬ ಪ್ರಾಧ್ಯಾಪಕರು ಕೊನೆಯ ವರ್ಷದವರಿಗೆ ವೈರಸ್ ಬರೆಯುವುದನ್ನೂ ತಡೆಯುವುದನ್ನೂ ಕಲಿಸುವ ಕೋರ್ಸ್ ತೆರೆದಾಗ ಆ್ಯಂಟಿವೈರಸ್ ಕಂಪನಿಗಳು ಹೌಹಾರಿದವು. ಏಕಾಕ್ ಹೊರಗಿನ ಜಾಲದ ಸಂಪರ್ಕವೇ ಇಲ್ಲದ, ಬೀಗ ಹಾಕಿದ ಪ್ರಯೋಗಾಲಯದಲ್ಲಿ ಪಾಠ ನಡೆಸಿದರು, ನೀತಿ ಮತ್ತು ಕಾನೂನನ್ನು ಪಾಠದ ಭಾಗ ಮಾಡಿದರು. ನಮಗೆ ಬರೆಯಿಸುವ ಅಗತ್ಯವೂ ಇಲ್ಲ. ಓದಲು ಬೇಕಾದಷ್ಟು ಸರಕನ್ನು ಕಳ್ಳರೇ ದಿನವೂ ಮನೆಬಾಗಿಲಿಗೆ ತಲುಪಿಸುತ್ತಿದ್ದಾರೆ.

ಪ್ರಯೋಗಾಲಯದ ಶಿಸ್ತಿನಲ್ಲಿ ಮಾತ್ರ ರಾಜಿ ಬೇಡ. ಕಾಲೇಜಿನ ವೈಫೈಗೆ ಸೇರದ ಬೇರೆಯೇ ಯಂತ್ರಗಳು. ಅವುಗಳೊಳಗೆ ವರ್ಚುವಲ್ ಮಷೀನ್, ಕೆಲಸ ಮುಗಿದ ಮೇಲೆ ಅಳಿಸಿ ಮೊದಲಿನ ಸ್ಥಿತಿಗೆ ತರಲು ಬರುವಂಥದ್ದು. ಮಾದರಿಗಳು ಸದಾ ಗುಪ್ತಪದ ಹಾಕಿದ ಜಿಪ್‌ನಲ್ಲಿ, ಪೆನ್‌ಡ್ರೈವ್ ಹೊರಗೆ. ಮೊದಲ ದಿನದ ಅಭ್ಯಾಸಕ್ಕೆ ಐಕಾರ್ ಎಂಬ 68 ಅಕ್ಷರದ ಪರೀಕ್ಷಾ ಕಡತ ಇದ್ದೇ ಇದೆ, ಅದು ಯಾರಿಗೂ ಏನೂ ಮಾಡುವುದಿಲ್ಲ, ಆದರೂ ಆ್ಯಂಟಿವೈರಸ್‌ಗಳು ಅದನ್ನು ಕಂಡೊಡನೆ ಕೂಗುತ್ತವೆ. ಮಾದರಿಯನ್ನು, ಅನುಮಾನದ ಕಡತಗಳನ್ನು ಪರೀಕ್ಷಿಸಿ ಹೇಳುವ ವೈರಸ್‌ಟೋಟಲ್‌ನಂಥ ತಾಣಕ್ಕೆ ಏರಿಸುವ ಮೊದಲು ಯೋಚಿಸಬೇಕು, ಅಲ್ಲಿಗೆ ಹೋದದ್ದು ಲೋಕದ ಕಣ್ಣಿಗೆ ಬೀಳುತ್ತದೆ, ಕಳ್ಳರ ಕಣ್ಣಿಗೂ ಬೀಳಬಹುದು. ಕಡತವನ್ನೇ ಕಳಿಸದೆ ಅದರ ಹ್ಯಾಶ್, ಅಂದರೆ ಅದಕ್ಕೆ ಮಾತ್ರ ಸೇರಿದ ಅಂಕಿ ಗುರುತನ್ನು ಕೊಟ್ಟು ಹುಡುಕಬಹುದು. ಹಣ ಕಳೆದುಕೊಂಡವರ ಫೋನಿನಲ್ಲಿದ್ದ ಎಸ್‌ಎಂಎಸ್‌ಗಳನ್ನು ಯಾವ ಚಾಟ್‌ಬಾಟಿಗೂ ಕೊಡುವಂತಿಲ್ಲ. ಇಂಟರ್‌ನೆಟ್ ಇಲ್ಲದೆ ಸ್ವಂತ ಯಂತ್ರದಲ್ಲೇ ಓಡುವ ಸಣ್ಣ ಎಐ ಮಾದರಿಗಳು ಈಗ ಉಚಿತವಾಗಿ ಸಿಗುತ್ತವೆ. ಕರೆಂಟು, ನೆಟ್‌ವರ್ಕ್ ಎರಡೂ ಆಗಾಗ ಕೈಕೊಡುವ ಊರುಗಳ ಕಾಲೇಜಿಗೆ ಅವೇ ಹೊಂದುತ್ತವೆ.

ಒಂದು ಎಲ್ಲೆಯನ್ನು ವಿದ್ಯಾರ್ಥಿಗಳಿಗೆ ಗಟ್ಟಿಯಾಗಿ ಹೇಳಬೇಕು. ಬಿಚ್ಚಿದ ಕಡತದಲ್ಲಿ ಕಳ್ಳನ ಉಗ್ರಾಣದ ವಿಳಾಸ ಸಿಕ್ಕಿತು, ಬಾಗಿಲು ತೆರೆದೇ ಇದೆ. ಒಳಗೆ ಹೋಗಬಹುದೇ? ಹೋಗಕೂಡದು. ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರ್ ಹೊಕ್ಕು ನೋಡುವುದು ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿಗೆ ವಿರುದ್ಧ. ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 66ನೇ ಕಲಮಿನಡಿ ಅಪರಾಧ, ಮೂರು ವರ್ಷದವರೆಗೆ ಸಜೆ ಅಥವಾ ಐದು ಲಕ್ಷದವರೆಗೆ ದಂಡ ಅಥವಾ ಎರಡೂ. ಸಿಕ್ಕ ವಿಳಾಸವನ್ನು ಬರೆದು ಪೊಲೀಸರಿಗೆ, ದೇಶದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್‌-ಇನ್‌ಗೆ ತಿಳಿಸುವುದು ವಿದ್ಯಾರ್ಥಿಯ ಕೆಲಸ. ಅಲ್ಲಿಂದಾಚೆ ಅವರ ಕೆಲಸ.

ಇಷ್ಟು ಕಲಿತವರಿಗೆ ನಮ್ಮಲ್ಲಿ ಕೆಲಸವೆಲ್ಲಿದೆ ಎಂದು ಪೋಷಕರು ಕೇಳುತ್ತಾರೆ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಈಗ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಸೆನ್ ಠಾಣೆಗಳಿವೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣ ಬಂದಿದೆ. ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಸಣ್ಣ ಬ್ಯಾಂಕುಗಳು. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಒಂದು ತಂತ್ರಜ್ಞಾನ ಕಂಪನಿಗೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಹೊಕ್ಕಿತು. ಅದನ್ನು ನೆಚ್ಚಿಕೊಂಡಿದ್ದ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ, ಅಂದರೆ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಭತ್ತ ಮಾರಿದ ಹಣ, ಹಾಲಿನ ಹಣ, ಸ್ವಸಹಾಯ ಸಂಘದ ಉಳಿತಾಯ ಇರುವುದು ಇಂಥ ಬ್ಯಾಂಕುಗಳಲ್ಲಿ. 2022ರ ಸರ್ಟ್‌-ಇನ್ ಆದೇಶದ ಪ್ರಕಾರ ಇಂಥ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿಯಾಗಬೇಕು. ಸಹಕಾರಿ ಸಂಘವೊಂದರ ಕಂಪ್ಯೂಟರಿನಲ್ಲಿ ಅನುಮಾನದ ಕಡತ ಕಂಡರೆ ಆ ಆರು ಗಂಟೆಯಲ್ಲಿ ಬೆಂಗಳೂರಿನಿಂದ ಯಾರು ಬರುತ್ತಾರೆ? ತಳಕಲ್‌ನಿಂದಲೋ ಗಂಗಾವತಿಯಿಂದಲೋ ಬರುವವರು ಬೇಕು.

ಹಾಗೆ ಬಂದವರು ಕಂಡದ್ದನ್ನು ಕನ್ನಡದಲ್ಲಿ ಹೇಳಬೇಕು. ಕವಿರಾಜಮಾರ್ಗ ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆಂದು ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಎಣಿಸಿತು. ಆ ಊರಿನ ಮಕ್ಕಳು ಸಂಘದ ಕಾರ್ಯದರ್ಶಿಗೆ, ಹಣ ಕಳೆದುಕೊಂಡ ಅವ್ವನಿಗೆ ಅರ್ಥವಾಗುವಂತೆ ಒಂದು ಪುಟದ ವರದಿ ಬರೆಯಲಾರರೇ? ಅದರಲ್ಲಿ ಇರಬೇಕಾದದ್ದು ಹೆಚ್ಚಿಲ್ಲ. ಈ ಕಡತ ಯಾವಾಗ, ಯಾವ ನಂಬರಿನಿಂದ ಬಂತು, ಒಳಗೆ ಹೊಕ್ಕು ಏನೇನು ಕೇಳಿತು, ಏನನ್ನು ಎಲ್ಲಿಗೆ ಕಳಿಸಿತು, ಅದನ್ನು ತೆಗೆದುಹಾಕುವುದು ಹೇಗೆ, ಯಾವ ಪಾಸ್‌ವರ್ಡ್ ಮತ್ತು ಪಿನ್ ಬದಲಾಯಿಸಬೇಕು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಾಗ ಏನು ಹೇಳಬೇಕು. ಎಐ ಇಂಥ ವರದಿಯ ಮೊದಲ ಕರಡನ್ನು ಕನ್ನಡದಲ್ಲೇ ಬರೆದುಕೊಡುತ್ತದೆ, ಅದರ ಕನ್ನಡ ಮಾತ್ರ ಪುಸ್ತಕದ ಕನ್ನಡ. ಅದನ್ನು ನಮ್ಮ ಕಡೆಯವರ ಮಾತಿಗೆ ಇಳಿಸುವ ಕೆಲಸ ಹುಡುಗರದ್ದು, ಅದಕ್ಕೂ ಅಂಕ ಕೊಡಬೇಕು.

ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಸಿದ್ಧವಾಗಿಯೇ ತರುವ ರೂಢಿ ನಮ್ಮ ರಾಜ್ಯದ ಕಾಲೇಜುಗಳಲ್ಲಿ ಎಷ್ಟು ಬೇರೂರಿದೆ ಎಂಬುದು ಎಲ್ಲರಿಗೂ ಗೊತ್ತು. ಅದರ ಬದಲು ನಾಲ್ಕು ಜನರ ತಂಡಕ್ಕೆ ಒಂದು ಕಡತ ಕೊಡೋಣ, ತಮ್ಮ ತಾಲ್ಲೂಕಿನಲ್ಲಿ ಸಿಕ್ಕದ್ದು, ಪೊಲೀಸರ ಒಪ್ಪಿಗೆ ಪಡೆದದ್ದು. ಒಂದು ಸೆಮಿಸ್ಟರ್ ಸಮಯ. ವೈವಾ ದಿನ ಎಐಯೊಡನೆ ನಡೆದ ಇಡೀ ಮಾತುಕತೆ ಮೇಜಿನ ಮೇಲಿರಲಿ, ಪಕ್ಕದಲ್ಲಿ ಕೈಬರಹದ ನೋಟ್‌ಬುಕ್ಕೂ ಇರಲಿ. ಎಐ ಎಲ್ಲಿ ತಪ್ಪಿತು, ನೀವು ಎಲ್ಲಿ ಹಿಡಿದಿರಿ ಎಂಬ ಪ್ರಶ್ನೆಗೇ ಹೆಚ್ಚು ಅಂಕ. ವರದಿಯ ಒಂದು ಪ್ರತಿ ಸೆನ್ ಠಾಣೆಗೆ, ಒಂದು ಪ್ರತಿ ಬ್ಯಾಂಕಿನ ಶಾಖೆಗೆ ಹೋಗಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹತ್ತು ಹಳೆಯ ಕಂಪ್ಯೂಟರು, ಬೀಗವಿರುವ ಒಂದು ಕೋಣೆ, ಜತೆಗೆ ಕೂತು ಓದಲು ಮನಸ್ಸಿರುವ ಒಬ್ಬ ಅಧ್ಯಾಪಕರು ಸಾಕು.